ಬೆಟ್ಟದ ನೆತ್ತಿಯಿಂದ ವಸಂತದ ಬೇಟೆಹಕ್ಕಿ ಎಣಿಕೆ: ಇಬ್ಬರ ಲೆಕ್ಕ ಯಾಕೆ ಕೂಡಿಬರುವುದಿಲ್ಲ?

ಪ್ರಶ್ನೆ: ನಾವು ಮೂವರು ಗೆಳೆಯರು ಕಳೆದ ವಸಂತದಲ್ಲಿ ಬೆಟ್ಟಸಾಲೊಂದರ ನೆತ್ತಿಯ ಮೇಲೆ ಕೂತು ವಲಸೆ ಹೋಗುವ ಬೇಟೆಹಕ್ಕಿಗಳನ್ನು ಎಣಿಸಿದೆವು. ಒಂದೇ ಜಾಗ, ಒಂದೇ ದಿನ. ಆದರೂ ಸಂಜೆ ನೋಡಿದರೆ ಒಬ್ಬರ ಲೆಕ್ಕ ಇನ್ನೊಬ್ಬರದರ ಒಂದೂವರೆ ಪಟ್ಟು. ಕೆಲವು ದಿನ ಬೆಳಗಿನಿಂದ ಕೂತರೂ ನಾಲ್ಕೈದು ಹಕ್ಕಿ ಮಾತ್ರ ಕಂಡವು. ಸರಿಯಾಗಿ ಎಣಿಸುವ ಕ್ರಮ ಯಾವುದು? ಯಾವ ದಿನ ಹೋಗಬೇಕು, ಏನೇನು ಬರೆದಿಡಬೇಕು?

ಉತ್ತರ: ನಿಮ್ಮ ಯಾರ ಕಣ್ಣಲ್ಲೂ ದೋಷವಿಲ್ಲ. ಒಬ್ಬರು ಕಂಡ ಹಕ್ಕಿಯನ್ನೆಲ್ಲ ಎಣಿಸಿರುತ್ತಾರೆ, ಇನ್ನೊಬ್ಬರು ದಾಟಿಹೋದದ್ದನ್ನು ಮಾತ್ರ. ಶರತ್ಕಾಲದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ. ವಸಂತದಲ್ಲಿ ಇದು ಲೆಕ್ಕವನ್ನೇ ಕೆಡಿಸುತ್ತದೆ, ಯಾಕೆಂದರೆ ಅದು ಗೂಡು ಕಟ್ಟುವ ಕಾಲ. ಆ ಬೆಟ್ಟದಲ್ಲೇ ನೆಲೆನಿಂತ ಜೋಡಿಗಳು ದಿನವಿಡೀ ಮೇಲೇರಿ ಸುತ್ತುತ್ತಿರುತ್ತವೆ. ವಲಸೆಯ ಹಕ್ಕಿಗಳು ಅವುಗಳ ನಡುವೆಯೇ ಹಾದುಹೋಗುತ್ತವೆ. ಹಾಗಾಗಿ ಯಾವುದನ್ನು ಎಣಿಸದೆ ಬಿಡಬೇಕು ಎಂಬುದು ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕು. (ಇಲ್ಲಿ ಹೇಳುವುದೆಲ್ಲ ಉತ್ತರಾರ್ಧಗೋಳದ ವಸಂತಕ್ಕೆ, ಅಂದರೆ ಫೆಬ್ರವರಿ ಕೊನೆಯಿಂದ ಮೇವರೆಗಿನ ಕಾಲಕ್ಕೆ.)

ಮೊದಲು ಒಂದು ಗೆರೆ ಎಳೆದುಕೊಳ್ಳಿ. ಹಕ್ಕಿಗಳು ಸಾಗುವ ದಿಕ್ಕಿಗೆ ಅಡ್ಡಲಾಗಿ, ನೀವು ಕೂತ ಜಾಗದ ಮೇಲೆ ಹಾದುಹೋಗುವ ಕಾಲ್ಪನಿಕ ಗೆರೆ ಅದು. ಅದರ ಎರಡು ತುದಿಗೂ ಗುರುತು ಬೇಕು: ಒಂದು ಕಡೆ ಒಂಟಿಮರ, ಇನ್ನೊಂದು ಕಡೆ ದೂರದ ಗೋಪುರವೋ ಬೆಟ್ಟದ ಕಣಿವೆಯ ಬಾಯೋ. ಹಕ್ಕಿ ಎಷ್ಟೇ ಹೊತ್ತು ಕಂಡಿರಲಿ, ಗೆರೆ ದಾಟಿದ ಮೇಲೆಯೇ ಅದು ‘ಒಂದು’. ಗೆರೆಯ ಆಚೆಯಿಂದ ಹಿಂದಕ್ಕೆ ಬಂದರೆ ಹಿಂದಿನ ಅಂಕಿ ಅಳಿಸಬೇಡಿ, ‘ಹಿಮ್ಮುಖ’ ಎಂಬ ಬೇರೆ ಅಂಕಣದಲ್ಲಿ ಒಂದು ಸೇರಿಸಿ. ಗಂಟೆಯ ಕೊನೆಗೆ ಮುಂದೆ ಹೋದದ್ದರಲ್ಲಿ ಹಿಂದೆ ಬಂದದ್ದನ್ನು ಕಳೆದರೆ ಬರುವುದೇ ಆ ಗಂಟೆಯ ನಿವ್ವಳ ಲೆಕ್ಕ. ಎದುರುಗಾಳಿ ಜೋರಾದಾಗ, ಮಳೆಮೋಡ ಅಡ್ಡಬಂದಾಗ ವಲಸೆ ಹಕ್ಕಿಗಳೇ ಕಿಲೋಮೀಟರ್‌ಗಟ್ಟಲೆ ಹಿಂದಿರುಗಿ ಮತ್ತೆ ಬರುತ್ತವೆ. ಹಿಮ್ಮುಖ ಅಂಕಣವಿಲ್ಲದ ಲೆಕ್ಕದಲ್ಲಿ ಅದೇ ಹಕ್ಕಿ ಎರಡು ಸಲ, ಮೂರು ಸಲ ಸೇರುತ್ತದೆ. ನಿಮ್ಮ ಒಂದೂವರೆ ಪಟ್ಟಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬಂದಿರಬಹುದು.

ದಿಕ್ಕು ಎಂದರೆ ಉತ್ತರವೇ ಎಂದು ಮೊದಲೇ ಊಹಿಸಬೇಡಿ. ಹಕ್ಕಿ ನೆಲದ ಆಕಾರವನ್ನು ಅನುಸರಿಸುತ್ತದೆ. ಹಿಮಾಲಯದ ತಪ್ಪಲಲ್ಲಿ ಸ್ಟೆಪ್ಪಿ ಹದ್ದುಗಳು ಪರ್ವತಸಾಲಿನ ಗುಂಟ, ಬಹುಮಟ್ಟಿಗೆ ಪೂರ್ವ-ಪಶ್ಚಿಮವಾಗಿ ಸಾಗುತ್ತವೆ. ಅಲ್ಲಿ ಉತ್ತರಕ್ಕೆ ಹೋದದ್ದನ್ನು ಮಾತ್ರ ಎಣಿಸುತ್ತೇನೆಂದು ಕೂತವರಿಗೆ ಏನೂ ಸಿಗುವುದಿಲ್ಲ. ಮೊದಲ ಎರಡು ಮೂರು ದಿನ ಪ್ರತಿ ಹಕ್ಕಿ ಕಣ್ಮರೆಯಾದ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ ಡಿಗ್ರಿಯಲ್ಲಿ ಬರೆದುಕೊಳ್ಳಿ. ಹೆಚ್ಚಿನವು ಯಾವ ಕಡೆ ಹೋದವೋ ಅದಕ್ಕೆ ಅಡ್ಡಲಾಗಿ ಗೆರೆ ಇರಲಿ. ಒಮ್ಮೆ ಎಳೆದ ಗೆರೆಯನ್ನು ಆ ಋತು ಮುಗಿಯುವವರೆಗೆ ಬದಲಿಸಬೇಡಿ.

ಈಗ ಸ್ಥಳೀಯ ಹಕ್ಕಿಗಳ ವಿಚಾರ. ವಲಸೆಯ ಹಕ್ಕಿಗೆ ಒಂದು ನಡೆ ಇದೆ: ದೂರದಿಂದ ಬರುತ್ತದೆ, ರೆಕ್ಕೆ ಅರ್ಧ ಮಡಚಿ ಜಾರುತ್ತದೆ, ಬಿಸಿಗಾಳಿ (ಕಾದ ನೆಲದಿಂದ ಮೇಲೇಳುವ ಗಾಳಿ) ಸಿಕ್ಕಿದರೆ ಸುತ್ತುತ್ತ ಮೇಲೇರುತ್ತದೆ, ಮತ್ತೆ ಮೊದಲಿನ ದಿಕ್ಕಿಗೇ ಜಾರಿ ಕಣ್ಮರೆಯಾಗುತ್ತದೆ. ಸ್ಥಳೀಯ ಹಕ್ಕಿ ಅಲೆಯಂತೆ ಏರಿಳಿದು ಹಾರುತ್ತದೆ, ಕೂಗುತ್ತದೆ, ಕಾಲು ಇಳಿಬಿಟ್ಟು ಜೋಡಿಯ ಜತೆ ಸುತ್ತುತ್ತದೆ, ಬೇರೆ ಹಕ್ಕಿಯನ್ನು ಅಟ್ಟಿಕೊಂಡು ಹೋಗಿ ಅರ್ಧಕ್ಕೇ ತಿರುಗಿ ಬರುತ್ತದೆ. ಗೂಡಿಗೆ ಕಡ್ಡಿ ಒಯ್ಯುವ ಹಕ್ಕಿ ಖಂಡಿತ ಸ್ಥಳೀಯ. ಆದರೆ ಕಾಲಲ್ಲಿ ಬೇಟೆ ಇದ್ದ ಮಾತ್ರಕ್ಕೆ ಹಾಗೆ ಹೇಳುವಂತಿಲ್ಲ: ಮೀನು ಹಿಡಿದ ಆಸ್ಪ್ರೆ (ಮೀನು ತಿಂದು ಬದುಕುವ ಬೇಟೆಹಕ್ಕಿ) ಅದನ್ನು ಹೊತ್ತುಕೊಂಡೇ ವಲಸೆ ಮುಂದುವರಿಸುವುದುಂಟು. ಹ್ಯಾರಿಯರ್‌ಗಳೂ (ಬಯಲಿನ ಮೇಲೆ ತಗ್ಗಾಗಿ ಹಾರುವ ಬೇಟೆಹಕ್ಕಿಗಳು) ಸಣ್ಣ ಗಿಡುಗಗಳೂ ದಾರಿಯಲ್ಲಿ ಬೇಟೆಯಾಡುತ್ತಲೇ ಸಾಗುತ್ತವೆ.

ಇದಕ್ಕೆ ಒಳ್ಳೆಯ ಉಪಾಯವೆಂದರೆ ಎಣಿಕೆ ಶುರುವಾಗುವ ಮೊದಲ ವಾರದಲ್ಲೇ ಸ್ಥಳೀಯ ಹಕ್ಕಿಗಳ ಪಟ್ಟಿ ಮಾಡುವುದು. ಯಾವ ರೆಕ್ಕೆಯಲ್ಲಿ ಗರಿ ಬಿದ್ದು ಸಂದಿಯಾಗಿದೆ, ಬಾಲದ ಯಾವ ಗರಿ ಮುರಿದಿದೆ, ಮೈಬಣ್ಣ ಎಷ್ಟು ಕಪ್ಪು ಎಂದು ಚಿತ್ರ ಬರೆದಿಡಿ. ‘ಎಡರೆಕ್ಕೆ, ಒಳಗಿನಿಂದ ನಾಲ್ಕನೇ ಗರಿ ಇಲ್ಲ’ ಎಂಬ ಒಂದು ಸಾಲು ಎರಡು ತಿಂಗಳ ಗೊಂದಲವನ್ನು ಉಳಿಸುತ್ತದೆ. ಇಷ್ಟಾದ ಮೇಲೂ ತೀರ್ಮಾನಕ್ಕೆ ಸಿಗದ ಹಕ್ಕಿಗಳು ಉಳಿದೇ ಉಳಿಯುತ್ತವೆ. ಅವನ್ನು ‘ಸಂದೇಹ’ ಎಂಬ ಅಂಕಣಕ್ಕೆ ಹಾಕಿ, ಮೊತ್ತಕ್ಕೆ ಸೇರಿಸಬೇಡಿ. ರಣಹದ್ದುಗಳ ವಿಷಯದಲ್ಲಿ ಈ ಅಂಕಣ ಬೇಗ ತುಂಬುತ್ತದೆ. ಅವು ಆಹಾರ ಹುಡುಕಿ ದಿನಕ್ಕೆ ಎಷ್ಟೋ ದೂರ ಹೋಗಿಬರುವುದರಿಂದ ಸ್ಥಳೀಯ ಹಕ್ಕಿಯೂ ದೂರದ ಪಯಣಿಗನಂತೆಯೇ ಕಾಣುತ್ತದೆ.

ಎರಡನೆಯ ದೊಡ್ಡ ತಪ್ಪು ಹಕ್ಕಿಗಳು ಸುಳಿಯಲ್ಲಿ ತಿರುಗುತ್ತಿರುವಾಗಲೇ ಎಣಿಸುವುದು. ಬಿಸಿಲಿಗೆ ಕಾದ ನೆಲದಿಂದ ಗಾಳಿ ಕಂಬದಂತೆ ಮೇಲೇಳುತ್ತದೆ. ಅದನ್ನು ಹಿಡಿದ ಹತ್ತಾರು, ಕೆಲವೆಡೆ ನೂರಾರು ಹಕ್ಕಿಗಳು ಒಂದರ ಮೇಲೊಂದು ಸುತ್ತುತ್ತವೆ. ಮುಂದಿನದು ಹಿಂದಿನದನ್ನು ಮರೆಮಾಡುತ್ತದೆ, ಎಣಿಸಿದ್ದು ಮತ್ತೆ ತಿರುಗಿ ಬರುತ್ತದೆ. ಅಲ್ಲಿ ಸಿಗುವ ಅಂಕಿ ಯಾವಾಗಲೂ ಊಹೆಯೇ. ಕಾಯಿರಿ. ಸುಳಿಯ ತುದಿ ಮುಟ್ಟಿದ ಹಕ್ಕಿಗಳು ಒಂದೊಂದಾಗಿ ಬಿಟ್ಟು, ಮುಂದಿನ ಬಿಸಿಗಾಳಿಯ ಕಡೆಗೆ ಸಾಲಾಗಿ ಜಾರುತ್ತವೆ. ಆ ಸಾಲು ಎಣಿಕೆಗೆ ಹೇಳಿ ಮಾಡಿಸಿದಂಥದು. ಬೈನಾಕ್ಯುಲರನ್ನು ಸಾಲಿನ ಮುಂದೆ ಒಂದೇ ಕಡೆ ನಿಲ್ಲಿಸಿ. ದೃಷ್ಟಿವೃತ್ತದ ಅಂಚನ್ನು ದಾಟುವ ಪ್ರತಿ ಹಕ್ಕಿಗೂ ಕೈಯಲ್ಲಿನ ಕ್ಲಿಕ್ಕರ್ (ಒತ್ತಿದಂತೆ ಅಂಕಿ ಏರಿಸುವ ಸಾಧನ) ಒಮ್ಮೆ ಒತ್ತಿ. ಹಕ್ಕಿಯ ಜತೆ ಬೈನಾಕ್ಯುಲರ್ ಹೊರಳಿಸುತ್ತ ಹೋದರೆ ಲೆಕ್ಕ ತಪ್ಪುತ್ತದೆ.

ಸಾಲು ಬಹಳ ದಟ್ಟವಾದರೆ ಹತ್ತರ ಗುಂಪಿನಲ್ಲಿ ಎಣಿಸಬೇಕಾಗುತ್ತದೆ. ಮೊದಲ ಹತ್ತನ್ನು ನಿಜವಾಗಿ ಎಣಿಸಿ, ಅವು ಆಕಾಶದಲ್ಲಿ ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿನಲ್ಲಿ ಇಟ್ಟುಕೊಂಡು, ಅದೇ ಅಳತೆಯಿಂದ ಮುಂದುವರಿಯಿರಿ. ಸಾಲಿನ ಮಧ್ಯದಲ್ಲಿ ದಟ್ಟಣೆ ಹೆಚ್ಚು, ಬಾಲದಲ್ಲಿ ಕಡಿಮೆ. ಹಾಗಾಗಿ ನಡುನಡುವೆ ಮತ್ತೆ ಒಂದು ಹತ್ತನ್ನು ಬಿಡಿಯಾಗಿ ಎಣಿಸಿ ಅಳತೆ ಸರಿಪಡಿಸಿಕೊಳ್ಳಬೇಕು. ಈ ಸರಿಪಡಿಕೆ ಮಾಡದವರ ಅಂಕಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಸಾಲಿನಲ್ಲಿ ಎರಡು ಮೂರು ಜಾತಿ ಬೆರೆತಿದ್ದರೆ ಒಬ್ಬರು ಒಟ್ಟು ಎಣಿಸಲಿ, ಇನ್ನೊಬ್ಬರು ಸಾಲಿನ ತಲೆ, ನಡು, ಬಾಲ ಈ ಮೂರು ಕಡೆಯೂ ಐವತ್ತೈವತ್ತು ಹಕ್ಕಿಗಳ ಜಾತಿ ಗುರುತಿಸಿ ಪ್ರಮಾಣ ತೆಗೆಯಲಿ. ತಲೆಯಲ್ಲಿರುವವನ್ನು ಮಾತ್ರ ನೋಡಿ ಇಡೀ ಸಾಲಿಗೆ ಅನ್ವಯಿಸಿದರೆ ವೇಗವಾಗಿ ಜಾರುವ ಜಾತಿಗಳ ಲೆಕ್ಕ ಉಬ್ಬುತ್ತದೆ.

ಕ್ಯಾಮೆರಾ ಇದ್ದರೆ ಜಾರುವ ಸಾಲಿನ ಚಿತ್ರಗಳನ್ನು ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ತೆಗೆದು, ಸಂಜೆ ಚುಕ್ಕಿ ಹಾಕಿ ಎಣಿಸಿ. ಆದರೆ ಸ್ಥಳದಲ್ಲೇ ಎಣಿಸಿದ ಅಂಕಿಯನ್ನು ಚಿತ್ರದ ಅಂಕಿಯಿಂದ ತಿದ್ದಬೇಡಿ. ಕೆಲವು ದಿನ ಚಿತ್ರ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಬೆರೆಸಿದರೆ ಎರಡು ವಿಧಾನಗಳ ಕಲಬೆರಕೆಯಾಗಿ ದಿನಗಳನ್ನು ಹೋಲಿಸಲಾಗುವುದಿಲ್ಲ. ಅದನ್ನು ಪಕ್ಕದ ಅಂಕಣದಲ್ಲಿಡಿ. ಎಣಿಸುವವರು ಎಷ್ಟು ಕಡಿಮೆ ಹೇಳುತ್ತಿದ್ದಾರೆ ಎಂದು ಅದರಿಂದ ತಿಳಿಯುತ್ತದೆ.

ಇನ್ನು, ಕಾಣದೆ ಹೋದ ಹಕ್ಕಿಗಳು. 8 ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮುಂಗಾಜಿನ ಬೈನಾಕ್ಯುಲರ್ ಈ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ. ಸಾವಿರ ಮೀಟರ್ ದೂರದಲ್ಲಿ ಅದು ಸುಮಾರು 130 ಮೀಟರ್ ಅಗಲ ತೋರಿಸಿದರೆ 10 ಪಟ್ಟಿನದು ಸುಮಾರು 110 ಮೀಟರ್ ತೋರಿಸುತ್ತದೆ. ಹುಡುಕುವ ಕೆಲಸದಲ್ಲಿ ಅಗಲವೇ ಮುಖ್ಯ. ಮೂವರಿದ್ದೀರಲ್ಲ, ಒಬ್ಬರ ಬಳಿ 10 ಪಟ್ಟಿನದು ಇರಲಿ. ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲಿಡುವ ಸಣ್ಣ ದೂರದರ್ಶಕ) ಗುರುತಿಸುವುದಕ್ಕೆ, ಹುಡುಕುವುದಕ್ಕಲ್ಲ. ಮಧ್ಯಾಹ್ನ ಝಳ ಎದ್ದಾಗ 30 ಪಟ್ಟಿಗಿಂತ ಮೇಲೆ ಹೋದರೆ ಹಕ್ಕಿ ನೀರಿನಲ್ಲಿ ಅಲುಗಾಡಿದಂತೆ ಕಾಣುತ್ತದೆ.

ಹಕ್ಕಿಗಳು ಬರುವ ಕಡೆಯ ಆಕಾಶವನ್ನು ಅಡ್ಡಪಟ್ಟಿಗಳಾಗಿ ಭಾಗಿಸಿ ನೋಡಬೇಕು: ಮೊದಲನೆಯದು ದಿಗಂತಕ್ಕೆ ತಾಗಿ, ಎರಡನೆಯದು ಒಂದು ದೃಷ್ಟಿವೃತ್ತದಷ್ಟು ಮೇಲೆ, ಮೂರನೆಯದು ಇನ್ನೂ ಒಂದರಷ್ಟು ಮೇಲೆ. 120 ಡಿಗ್ರಿ ಅಗಲವನ್ನು ಏಳೂವರೆ ಡಿಗ್ರಿ ಅಗಲ ತೋರಿಸುವ ಬೈನಾಕ್ಯುಲರಿನಲ್ಲಿ, ಪ್ರತಿಸಲ ಅರ್ಧವೃತ್ತ ಸರಿಸುತ್ತ, ನಿಲುಗಡೆಗೆ ಮೂರು ಸೆಕೆಂಡಿನಂತೆ ನೋಡಿದರೆ ಒಂದು ಪಟ್ಟಿಗೆ ಸುಮಾರು ಒಂದೂವರೆ ನಿಮಿಷ, ಮೂರಕ್ಕೆ ಐದು ನಿಮಿಷ ಬೇಕು. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಜಾರುವ ಬಜಾರ್ಡ್ (ಅಗಲ ರೆಕ್ಕೆಯ, ಮಧ್ಯಮ ಗಾತ್ರದ ಬೇಟೆಹಕ್ಕಿ) ಆ ಐದು ನಿಮಿಷದಲ್ಲಿ ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್ ಬಂದುಬಿಡುತ್ತದೆ. ಅಂದರೆ ಒಬ್ಬರೇ ಕೂತರೆ ನೀವು ಒಂದು ಪಟ್ಟಿ ಮುಗಿಸುವಷ್ಟರಲ್ಲಿ ಇನ್ನೊಂದರಲ್ಲಿ ಹಕ್ಕಿ ತಲೆಯ ಮೇಲೆಯೇ ಹಾದುಹೋಗಿರುತ್ತದೆ. ಪ್ರತಿ ಪಟ್ಟಿ ಮುಗಿದಾಗ ಬರಿಗಣ್ಣಿನಲ್ಲಿ ಒಮ್ಮೆ ನೆತ್ತಿಯ ಮೇಲೆ, ಒಮ್ಮೆ ಬೆಟ್ಟದ ಇಳಿಜಾರಿನ ಕೆಳಗೆ ನೋಡುವ ರೂಢಿ ಬೇಕು. ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹೋಗುವ ಸಣ್ಣ ಗಿಡುಗಗಳು ತಪ್ಪಿಹೋಗುವಷ್ಟು ಬೇರೆ ಯಾವುವೂ ತಪ್ಪುವುದಿಲ್ಲ.

ನೀಲಿ ಆಕಾಶವೇ ಅತಿ ಕಷ್ಟದ ಹಿನ್ನೆಲೆ. ನೋಡಲು ಏನೂ ಇಲ್ಲದ ಕಡೆ ಕಣ್ಣು ತಾನಾಗಿಯೇ ಹತ್ತಿರಕ್ಕೆ ಹೊಂದಿಕೊಂಡುಬಿಡುತ್ತದೆ. ಆಗ ದೂರದ ಹಕ್ಕಿ ಎದುರಿಗೇ ಇದ್ದರೂ ಕಾಣುವುದಿಲ್ಲ. ಅರ್ಧ ನಿಮಿಷಕ್ಕೊಮ್ಮೆ ದೂರದ ಬೆಟ್ಟವನ್ನೋ ಮೋಡದ ಅಂಚನ್ನೋ ನೋಡಿ ಕಣ್ಣನ್ನು ದೂರಕ್ಕೆ ಮರಳಿಸಿ. ಬಿಳಿ ಮೋಡ ತೇಲುವ ದಿನ ಹಕ್ಕಿ ಹೆಚ್ಚು ಕಂಡರೆ ಹಕ್ಕಿಯೇ ಹೆಚ್ಚು ಬಂದಿದೆ ಎನ್ನಲಾಗದು, ಹಿನ್ನೆಲೆ ಚೆನ್ನಾಗಿದೆ ಎಂದಷ್ಟೇ ಅರ್ಥವಿರಬಹುದು. ಹಾಗೆಯೇ ಹನ್ನೆರಡರಿಂದ ಎರಡರವರೆಗೆ ಲೆಕ್ಕ ಕುಸಿಯುವುದು ಸಾಮಾನ್ಯ. ಬಿಸಿಗಾಳಿ ಬಲಿತು ಹಕ್ಕಿಗಳು ಕಣ್ಣಿಗೆ ನಿಲುಕದಷ್ಟು ಮೇಲೆ ಹೋಗುತ್ತವೆ. ಒರಗಿ ಕೂರುವ ಕುರ್ಚಿ ಆ ಹೊತ್ತಿಗೆ ಐಷಾರಾಮವಲ್ಲ. ಕತ್ತು ನೋಯುವ ಮನುಷ್ಯ ತಲೆ ಎತ್ತಿ ನೋಡುವುದನ್ನು ನಿಲ್ಲಿಸಿಬಿಡುತ್ತಾನೆ. ಬೈನಾಕ್ಯುಲರಿನಲ್ಲಿ ಸೂರ್ಯನ ಕಡೆ ತಿರುಗಲೇಬೇಡಿ. ಕಣ್ಣು ಶಾಶ್ವತವಾಗಿ ಹೋಗುತ್ತದೆ.

ಯಾವ ದಿನ ಹೋಗಬೇಕು? ಶರತ್ಕಾಲದಲ್ಲಿ ತಣ್ಣನೆಯ ವಾಯುಮುಖ (ಬೆಚ್ಚನೆಯ ಗಾಳಿಯನ್ನು ತಳ್ಳಿಕೊಂಡು ಬರುವ ತಂಪುಗಾಳಿಯ ಮುಂಚೂಣಿ) ಹಾದುಹೋದ ಮೇಲೆ ಉತ್ತರದ ಗಾಳಿ ಬೀಸಿದಾಗ ಹಕ್ಕಿ ಹೆಚ್ಚು. ವಸಂತದಲ್ಲಿ ಇದು ತಿರುಗುಮುರುಗು. ಸಮಶೀತೋಷ್ಣ ವಲಯದಲ್ಲಿ ಕಡಿಮೆ ಒತ್ತಡದ ವಲಯವೊಂದು ಪಶ್ಚಿಮದಿಂದ ಹತ್ತಿರವಾಗುತ್ತಿರುವಾಗ, ಅದರ ತಣ್ಣನೆಯ ವಾಯುಮುಖ ಇನ್ನೂ ಬಂದಿಲ್ಲದಿರುವಾಗ, ದಕ್ಷಿಣ-ನೈಋತ್ಯದ ಬೆಚ್ಚನೆಯ ಗಾಳಿ ಹಕ್ಕಿಯನ್ನು ಹಿಂದಿನಿಂದ ತಳ್ಳುತ್ತದೆ. ವಾಯುಮುಖ ದಾಟಿದ ಮರುದಿನ ಎದುರುಗಾಳಿ. ಆಗ ಬರುವುದು ಕಡಿಮೆ, ಬಂದವೂ ಕೆಳಗೆ, ಬೆಟ್ಟಕ್ಕೆ ಅಂಟಿಕೊಂಡು ಹೋಗುತ್ತವೆ.

ಆದರೆ ಬೆಟ್ಟಸಾಲಿನಲ್ಲಿ ಹಿಂಗಾಳಿಗಿಂತ ಅಡ್ಡಗಾಳಿಗೆ ಬೆಲೆ ಹೆಚ್ಚು. ಇಳಿಜಾರಿಗೆ ನೇರವಾಗಿ ಬಡಿದ ಗಾಳಿ ಮೇಲಕ್ಕೆ ತಿರುಗುತ್ತದೆ. ಅದರ ಮೇಲೆ ಹಕ್ಕಿ ರೆಕ್ಕೆ ಬಡಿಯದೆ ಸಾಲಿನುದ್ದಕ್ಕೂ ಜಾರುತ್ತದೆ. ಗಾಳಿಯ ಬಿರುಸು ಅಳೆಯುವ ಬ್ಯೂಫೋರ್ಟ್ ಮಾಪನದ 3ರಿಂದ 5, ಅಂದರೆ ಗಂಟೆಗೆ 12ರಿಂದ 38 ಕಿಲೋಮೀಟರ್ ಗಾಳಿ ಇದಕ್ಕೆ ಸಾಕು. ಆಗ ಹಕ್ಕಿಗಳು ಗಾಳಿ ಬಡಿಯುವ ಬದಿಯಲ್ಲೇ, ನೆತ್ತಿಯ ಹತ್ತಿರದಲ್ಲೇ ಹೋಗುತ್ತವೆ; ನಿಮ್ಮ ಕೂರುವ ಜಾಗಕ್ಕೆ ಆ ಬದಿ ಕಾಣದಿದ್ದರೆ ಜಾಗ ಬದಲಿಸಿ. ಗಾಳಿ ಮೆಲ್ಲಗಿದ್ದು ಬಿಸಿಲು ಚೆನ್ನಾಗಿದ್ದರೆ ಬಿಸಿಗಾಳಿ ಎಲ್ಲೆಲ್ಲೂ ಏಳುತ್ತದೆ, ಹಕ್ಕಿಗೆ ನಿಮ್ಮ ಬೆಟ್ಟವೇ ಬೇಕೆಂದಿಲ್ಲ. ನಾಲ್ಕೈದು ಹಕ್ಕಿಯ ದಿನಗಳು ಬಹುಶಃ ಇಂಥವು.

ವಸಂತದಲ್ಲಿ ಬೆಟ್ಟಸಾಲು ಶರತ್ಕಾಲದಷ್ಟು ಕೊಡುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಚಳಿಗಾಲದಲ್ಲಿ ಎಷ್ಟೋ ಮರಿಗಳು ಸತ್ತಿರುತ್ತವೆ. ಉಳಿದವು ಅವಸರದಲ್ಲಿ, ಅಗಲವಾಗಿ ಹರಡಿಕೊಂಡು ಹೋಗುತ್ತವೆ. ವಸಂತದ ದೊಡ್ಡ ಎಣಿಕೆಗಳು ಬಹುಮಟ್ಟಿಗೆ ನೀರಿನಂಚಿನಲ್ಲಿರುವುದು ಅದಕ್ಕೇ. ದೊಡ್ಡ ನೀರಿನ ಮೇಲೆ ಬಿಸಿಗಾಳಿ ಏಳುವುದಿಲ್ಲವಾದ್ದರಿಂದ ಹಕ್ಕಿಗಳು ದಡದ ಗುಂಟ ಒತ್ತಾಗಿ ಸೇರುತ್ತವೆ: ಉತ್ತರ ಅಮೆರಿಕದ ಒಂಟಾರಿಯೊ ಸರೋವರದ ದಕ್ಷಿಣ ದಡದ ಡರ್ಬಿ ಹಿಲ್ ಮತ್ತು ಬ್ರಾಡಕ್ ಬೇ, ಕೆಂಪು ಸಮುದ್ರದ ಕೊಲ್ಲಿಯ ತುದಿಯಲ್ಲಿರುವ ಇಸ್ರೇಲಿನ ಐಲಾತ್, ಇಟಲಿಯ ಮೆಸ್ಸಿನಾ ಜಲಸಂಧಿ. ನಿಮ್ಮ ಬೆಟ್ಟದ ಅಂಕಿಯನ್ನು ಅಲ್ಲಿನ ಅಂಕಿಯ ಪಕ್ಕ ಇಟ್ಟು ಬೇಸರಪಡಬೇಡಿ. ಅದನ್ನು ಹೋಲಿಸಬೇಕಾದದ್ದು ಅದೇ ಬೆಟ್ಟದ ಬೇರೆ ವರ್ಷಗಳ ಜತೆ.

ಹಾಗೆ ಹೋಲಿಸಬೇಕೆಂದರೆ ಹವಾಮಾನ ನೋಡಿ ದಿನ ಆರಿಸುವುದನ್ನು ಬಿಡಬೇಕಾಗುತ್ತದೆ. ಹಕ್ಕಿ ನೋಡುವ ಸಂತೋಷಕ್ಕೆ ದಕ್ಷಿಣದ ಗಾಳಿಯ ದಿನವೇ ಹೋಗಿ. ಎಣಿಕೆಗೆ ಮಾತ್ರ ಋತು ಶುರುವಾಗುವ ಮೊದಲೇ ಕ್ಯಾಲೆಂಡರಿನಲ್ಲಿ ದಿನ ಗುರುತಿಸಿ, ಹವಾಮಾನ ಏನೇ ಇದ್ದರೂ ಅಂದೇ ಕೂರಿ. ದಿನ ಬಿಟ್ಟು ದಿನ ಆದೀತು, ವಾರಕ್ಕೆ ಮೂರಾದರೂ ಆದೀತು. ಗಂಟೆಗಳೂ ನಿಗದಿಯಾಗಿರಲಿ. ಬೆಳಗಿನ ತಂಪಿನಲ್ಲೇ ರೆಕ್ಕೆ ಬಡಿದು ಹೊರಡುವ ಸಣ್ಣ ಗಿಡುಗ, ಮೊನಚು ರೆಕ್ಕೆಯ ಫಾಲ್ಕನ್‌ಗಳು ಬೇಕಿದ್ದರೆ ಸೂರ್ಯೋದಯವಾದ ಒಂದು ಗಂಟೆಗೆ ಶುರುಮಾಡಿ. ಬಿಸಿಗಾಳಿ ನೆಚ್ಚಿದ ಬಜಾರ್ಡ್, ಹದ್ದುಗಳಿಗೆ ಒಂಬತ್ತರಿಂದ ನಾಲ್ಕು ಸಾಕು. ಒಂದೂ ಹಕ್ಕಿ ಬಾರದ ಗಂಟೆಗೆ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಮುಂದೆ ಓದುವವರಿಗೆ ಹಕ್ಕಿ ಬರಲಿಲ್ಲವೋ ನೀವು ಬರಲಿಲ್ಲವೋ ತಿಳಿಯುವುದಿಲ್ಲ.

ಋತುವನ್ನು ಬೇಗ ಮುಗಿಸಬೇಡಿ. ಗೂಡಿನ ಜಾಗ ಹಿಡಿಯುವ ಅವಸರದಲ್ಲಿ ವಯಸ್ಕ ಹಕ್ಕಿಗಳು ಮೊದಲು ಹೋಗುತ್ತವೆ, ಹಿಂದಿನ ವರ್ಷದ ಮರಿಗಳು ವಾರಗಳಷ್ಟು ತಡವಾಗಿ. ಜಾತಿಗಳಿಗೂ ಸರದಿ ಇದೆ. ಐಲಾತ್‌ನಲ್ಲಿ ಸ್ಟೆಪ್ಪಿ ಹದ್ದು ಫೆಬ್ರವರಿ-ಮಾರ್ಚ್‌ನಲ್ಲಿ, ಸ್ಟೆಪ್ಪಿ ಬಜಾರ್ಡ್ ಮಾರ್ಚ್ ಕೊನೆ-ಏಪ್ರಿಲ್ ಮೊದಲಲ್ಲಿ, ಹನಿ ಬಜಾರ್ಡ್ ಮೇ ತಿಂಗಳಲ್ಲಿ ಹೆಚ್ಚು. ವಯಸ್ಸನ್ನು ಬರೆಯುವುದು ಎಷ್ಟು ಮುಖ್ಯ ಎಂಬುದಕ್ಕೆ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ನ ಶರತ್ಕಾಲದ ಎಣಿಕೆಯೇ ಸಾಕ್ಷಿ. ರೋಸಲಿ ಎಡ್ಜ್ 1934ರಲ್ಲಿ ಸ್ಥಾಪಿಸಿದ ಆ ರಕ್ಷಿತತಾಣದಲ್ಲಿ ಅದರ ಮೇಲ್ವಿಚಾರಕ ಮಾರಿಸ್ ಬ್ರೌನ್ ಬಿಳಿತಲೆಯ ಹದ್ದುಗಳಾದ ಬಾಲ್ಡ್ ಈಗಲ್‌ಗಳನ್ನು ವಯಸ್ಸಿನ ಪ್ರಕಾರ ಎಣಿಸಿದ್ದರು. 1935-39ರಲ್ಲಿ ನೂರಕ್ಕೆ 40 ಮರಿಗಳಿದ್ದದ್ದು 1955-59ರಲ್ಲಿ 20ಕ್ಕೆ ಇಳಿದಿತ್ತು. ಡಿಡಿಟಿ ಎಂಬ ಕೀಟನಾಶಕದಿಂದ ಸಂತಾನ ನಿಂತುಹೋಗುತ್ತಿದೆ ಎಂಬ ವಾದಕ್ಕೆ ಆ ಅಂಕಿ ಬಲ ಕೊಟ್ಟಿತು. ಬರಿಯ ಮೊತ್ತ ಬರೆದಿದ್ದರೆ ಆ ಇಳಿಕೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಗುರುತಿಸುವ ಬಗ್ಗೆ ಎರಡೇ ಮಾತು. ದೂರದಲ್ಲಿ ಬಣ್ಣ ನಂಬಬೇಡಿ, ಆಕಾರ ಮತ್ತು ನಡೆ ನೋಡಿ: ಹ್ಯಾರಿಯರ್ ರೆಕ್ಕೆಯನ್ನು ಮೇಲಕ್ಕೆತ್ತಿ ತೂಗುತ್ತ ಹೋಗುತ್ತದೆ, ಆಸ್ಪ್ರೆಯ ರೆಕ್ಕೆ ಮಣಿಕಟ್ಟಿನಲ್ಲಿ ಬಾಗಿರುತ್ತದೆ, ಫಾಲ್ಕನ್ ಮೊನಚು, ಸಣ್ಣ ಗಿಡುಗ ನಾಲ್ಕೈದು ಬಡಿತ ಬಡಿದು ಒಮ್ಮೆ ಜಾರುತ್ತದೆ. ಆದರೆ ಜೋರುಗಾಳಿಯಲ್ಲಿ ಬಜಾರ್ಡ್ ರೆಕ್ಕೆ ಮಡಚಿದಾಗ ಅದೂ ಫಾಲ್ಕನ್‌ನಂತೆ ಮೊನಚಾಗಿ ಕಾಣುತ್ತದೆ. ಅದು ಒಮ್ಮೆ ಸುತ್ತುವವರೆಗೆ ಹೆಸರು ಹೇಳಬೇಡಿ. ಬಜಾರ್ಡ್‌ಗಳಲ್ಲಿ ವಯಸ್ಕಕ್ಕೆ ರೆಕ್ಕೆಯ ಹಿಂಬದಿ ಅಂಚಿನಲ್ಲಿ ಸ್ಪಷ್ಟವಾದ ಕಪ್ಪು ಪಟ್ಟಿ, ಮರಿಗೆ ಮಸುಕು ಪಟ್ಟಿ. ‘ಗುರುತಿಸದ ಬಜಾರ್ಡ್’, ‘ಗುರುತಿಸದ ಫಾಲ್ಕನ್’, ‘ಗುರುತಿಸದ ಬೇಟೆಹಕ್ಕಿ’ ಎಂಬ ಸಾಲುಗಳು ನಮೂನೆಯಲ್ಲಿ ಇರಲೇಬೇಕು. ಋತುವಿಡೀ ಆ ಸಾಲುಗಳು ಖಾಲಿ ಇದ್ದರೆ ಯಾರೋ ಊಹಿಸಿ ಬರೆದಿದ್ದಾರೆ ಎಂದೇ ಅರ್ಥ.

ನಮೂನೆಯನ್ನು ಹೊಸದಾಗಿ ಕಟ್ಟಬೇಕಿಲ್ಲ. 1974ರಲ್ಲಿ ಶುರುವಾದ ಉತ್ತರ ಅಮೆರಿಕದ ಹಾಕ್ ಮೈಗ್ರೇಶನ್ ಅಸೋಸಿಯೇಶನ್‌ನ ದಿನದ ನಮೂನೆಯ ಮಾದರಿ ಹಿಡಿಯಿರಿ: ಗಂಟೆಗೊಂದು ಸಾಲು, ಅದರಲ್ಲಿ ಗಾಳಿಯ ದಿಕ್ಕು ಮತ್ತು ವೇಗ, ಉಷ್ಣಾಂಶ, ಮೋಡ ಶೇಕಡಾ ಎಷ್ಟು, ಎಷ್ಟು ಕಿಲೋಮೀಟರ್ ಕಾಣುತ್ತದೆ, ನೋಡುತ್ತಿದ್ದವರು ಎಷ್ಟು ಜನ, ಹೆಚ್ಚಿನ ಹಕ್ಕಿಗಳು ಯಾವ ಎತ್ತರದಲ್ಲಿದ್ದವು. ಎತ್ತರವನ್ನು ಮೀಟರಿನಲ್ಲಿ ಊಹಿಸದೆ ‘ಕಣ್ಣಮಟ್ಟಕ್ಕಿಂತ ಕೆಳಗೆ’, ‘ಬರಿಗಣ್ಣಿಗೆ ಸುಲಭ’, ‘ಬರಿಗಣ್ಣಿನ ಮಿತಿಯಲ್ಲಿ’, ‘ಬೈನಾಕ್ಯುಲರಿಗೆ ಮಾತ್ರ’ ಎಂದು ಸಂಕೇತ ಕೊಡಿ. ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಋತುವಿಡೀ ಮೂಲ ಸಮಯವನ್ನೇ ಬರೆಯಬೇಕು. ಇಲ್ಲದಿದ್ದರೆ ಮಾರ್ಚ್‌ನ ಹತ್ತು ಗಂಟೆಗೂ ಏಪ್ರಿಲ್‌ನ ಹತ್ತು ಗಂಟೆಗೂ ಸಂಬಂಧವಿರುವುದಿಲ್ಲ.

ಎಚ್ಚರವೊಂದಿದೆ. ಹಕ್ಕಿ ಚೆನ್ನಾಗಿ ಬರುವ ಬೆಚ್ಚನೆಯ ದಕ್ಷಿಣಗಾಳಿಯ ದಿನದ ಸಂಜೆಯೇ ವಾಯುಮುಖದ ಗುಡುಗು-ಮಿಂಚೂ ಬರುತ್ತದೆ. ನೆತ್ತಿಯ ಮೇಲೆ ಎಲ್ಲಕ್ಕಿಂತ ಎತ್ತರದಲ್ಲಿರುವುದು ನೀವೂ ನಿಮ್ಮ ಟ್ರೈಪಾಡೂ. ಮೊದಲ ಗುಡುಗು ಕೇಳಿದ ಕೂಡಲೇ ಇಳಿಯಿರಿ, ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಹತ್ತಬೇಡಿ. ಬಿಟ್ಟ ಗಂಟೆಯ ಎದುರು ‘ಎಣಿಕೆ ಇಲ್ಲ’ ಎಂದು ಬರೆದರಾಯಿತು.

ಇನ್ನು ಕಳೆದ ವರ್ಷದ ಎರಡು ಲೆಕ್ಕಗಳು. ಅವುಗಳ ಸರಾಸರಿ ತೆಗೆಯಬೇಡಿ. ಎರಡನ್ನೂ ಹಾಗೆಯೇ, ಯಾರದು ಎಂದು ಬರೆದು ಇಟ್ಟುಕೊಳ್ಳಿ. ಈ ವರ್ಷ ಒಬ್ಬರು ಎಣಿಸಲಿ, ಒಬ್ಬರು ಹುಡುಕಿ ಕೊಡಲಿ, ಒಬ್ಬರು ಬರೆಯಲಿ. ಎರಡು ಗಂಟೆಗೊಮ್ಮೆ ಪಾತ್ರ ಬದಲಾಗಲಿ. ವಾರಕ್ಕೆ ಒಂದು ಗಂಟೆ ಮಾತ್ರ ಇಬ್ಬರು ಇಪ್ಪತ್ತು ಮೀಟರ್ ದೂರ ಕೂತು, ಮಾತಾಡದೆ, ಬೇರೆ ಬೇರೆ ಹಾಳೆಯಲ್ಲಿ ಎಣಿಸಿ, ಪ್ರತಿ ಹಕ್ಕಿಯ ಎದುರು ಗೆರೆ ದಾಟಿದ ನಿಮಿಷ ಬರೆಯಿರಿ. ಆಮೇಲೆ ಎರಡು ಹಾಳೆಗಳನ್ನು ಸಾಲು ಸಾಲಾಗಿ ಹೊಂದಿಸಿ. ಯಾವ ಹಕ್ಕಿ ಯಾರಿಗೆ ಕಾಣಲಿಲ್ಲ, ಯಾವುದನ್ನು ಯಾರು ಸ್ಥಳೀಯವೆಂದು ಬಿಟ್ಟರು, ಯಾವುದು ಎರಡು ಸಲ ಸೇರಿತು ಎಂಬುದು ನಿಮಿಷದ ಲೆಕ್ಕದಲ್ಲೇ ತಿಳಿಯುತ್ತದೆ. ಮುಂದಿನ ವಾರಕ್ಕೆ ನಿಯಮದ ಯಾವ ಸಾಲನ್ನು ಇನ್ನಷ್ಟು ಬಿಗಿಯಾಗಿ ಬರೆಯಬೇಕು ಎಂಬುದನ್ನು ಆ ಹಾಳೆಗಳಿಂದಲೇ ತೀರ್ಮಾನಿಸಿಕೊಳ್ಳಿ.